ಕರೆಂಟ್ ಬಂದಾಗಲೆಲ್ಲ ನೆಟ್ ಹೋಗುತ್ತಿದ್ದ ಮನೆ

ಅಕ್ಕನ ಮನೆ ಇರುವುದು ದಾವಣಗೆರೆಯ ವಿನೋಬನಗರದಲ್ಲಿ. ಕೆಳಗಡೆ ಭಾವನ ಆಫೀಸು. ಮೊದಲ ಮಹಡಿಯಲ್ಲಿ ಮನೆ. ಅದರ ಮೇಲೆ ಈಚೆಗೆ ಕಟ್ಟಿಸಿದ ಎರಡು ರೂಮು. ಭಾವ ಮಂಡಿಪೇಟೆಯ ಅಂಗಡಿಗಳಿಗೆ ಲೆಕ್ಕ ಬರೆಯುತ್ತಾರೆ, ಜಿಎಸ್‌ಟಿ ರಿಟರ್ನ್ ಹಾಕಿ ಕೊಡುತ್ತಾರೆ. ಅಳಿಯ, ಅಂದರೆ ಅಕ್ಕನ ಮಗ, ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಾನೆ. ಅವನ ತಂಗಿ ಇಂಜಿನಿಯರಿಂಗ್ ಎರಡನೇ ವರ್ಷ. ಆಫೀಸಿನಲ್ಲಿ ಮೂರು ಡೆಸ್ಕ್‌ಟಾಪ್, ಒಂದು ಪ್ರಿಂಟರ್. ಮೇಲಿನ ರೂಮುಗಳಲ್ಲಿ ಎರಡು ಲ್ಯಾಪ್‌ಟಾಪ್. ಜೊತೆಗೆ ಟಿವಿ, ಮನೆಮಂದಿಯ ಮೊಬೈಲು. ಇಷ್ಟಕ್ಕೂ ಇರುವುದು ಒಂದೇ ಫೈಬರ್ ಲೈನು, 100 ಎಂಬಿಪಿಎಸ್‌ದು.

ಒಂದು ತಿಂಗಳ 19ನೇ ತಾರೀಕು, ರಾತ್ರಿ ಎಂಟರ ಹೊತ್ತಿಗೆ ಭಾವ ಫೋನ್ ಮಾಡಿದರು. “ನೋಡಪ್ಪ, ನಾಳೆ ಇಪ್ಪತ್ತು. ಇನ್ನೂ ಹನ್ನೊಂದು ಜನರ ತ್ರೀ-ಬಿ ಹಾಕೋದು ಬಾಕಿ ಐತೆ. ನೆಟ್ ಹೋಗಿ ಕೂತೈತೆ. ಏನು ಮಾಡ್ಲಿ ಹೇಳು.” ತಿಂಗಳ ಲೆಕ್ಕ ಕೊಡುವ ವ್ಯಾಪಾರಿಗಳಿಗೆ 3ಬಿ ಅನ್ನುವ ಜಿಎಸ್‌ಟಿ ರಿಟರ್ನ್ ಹಾಕಲು 20 ಕೊನೆಯ ದಿನ. ತಪ್ಪಿದರೆ ದಂಡ. ನಾನಿರುವುದು ಚಿತ್ರದುರ್ಗದಲ್ಲಿ. ಅಲ್ಲಿನ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಆ ರಾತ್ರಿ ಹೊರಡುವ ಹಾಗಿರಲಿಲ್ಲ. ಭಾವ ಮೊಬೈಲಿನ ಹಾಟ್‌ಸ್ಪಾಟ್ ಹಾಕಿಕೊಂಡು ರಾತ್ರಿ ಎರಡರ ತನಕ ಕೂತು ಮುಗಿಸಿದರು. ಮರುದಿನ ಅಕ್ಕ ಅದನ್ನು ಹೇಳಿದಾಗ ತುಂಬಾ ಬೇಜಾರಾಯಿತು. ಭಾನುವಾರ ಬೆಳಗಿನ ಬಸ್ಸಿಗೆ ಹೊರಟೆ.

ಈ ಪ್ರಕರಣವನ್ನು ಪೂರ್ತಿ ಬರೆಯಲು ಕಾರಣ ಇದೆ. ಅವರು ಆಗಲೇ ಒಂದು ಸಲ 50ರ ಪ್ಲಾನನ್ನು 100ಕ್ಕೆ ಏರಿಸಿದ್ದರು. ಏನೂ ಬದಲಾಗಿರಲಿಲ್ಲ. ಈಗ 300ರ ಪ್ಲಾನ್ ತಗೊಳ್ಳುವ ಮಾತು ನಡೆದಿತ್ತು. ಮನೆಯೊಳಗೆ ಹಂಚುವುದರಲ್ಲಿ ತಪ್ಪಿದ್ದರೆ ಬೀದಿಯಿಂದ ಎಷ್ಟು ಸ್ಪೀಡ್ ತರಿಸಿದರೂ ದುಡ್ಡು ದಂಡ. ನಾನು ನೋಡಿದ ಎಷ್ಟೋ ಮನೆಗಳಲ್ಲಿ ಹೀಗೇ ಆಗಿದೆ.

ಯಾರು ಏನು ಹೇಳಿದರು

ಹೋದ ತಕ್ಷಣ ಯಾವ ವೈರನ್ನೂ ಮುಟ್ಟಲಿಲ್ಲ. ಎಲ್ಲರನ್ನೂ ಕೂರಿಸಿಕೊಂಡು ಕೇಳಿದೆ, ಒಂದು ಹಾಳೆಯಲ್ಲಿ ಬರೆದುಕೊಂಡೆ. ಕಂಪ್ಯೂಟರ್ ವಿಷಯದಲ್ಲಿ ಜನ ಹೇಳುವ ಮಾತನ್ನು ನಾವು ಅರ್ಧಕ್ಕೇ ಬಿಟ್ಟುಬಿಡುತ್ತೇವೆ. ಈ ಮನೆಯಲ್ಲಿ ಉತ್ತರ ಅವರ ಮಾತಿನಲ್ಲೇ ಇತ್ತು.

ಭಾವ ಹೇಳಿದ್ದು: “ಕರೆಂಟ್ ಹೋಗಿ ಬಂತು ಅಂದ್ರೆ ಮುಗೀತು. ನೆಟ್ ಇಲ್ಲ, ಟ್ಯಾಲಿ ಇಲ್ಲ, ಪ್ರಿಂಟೂ ಇಲ್ಲ.” ಟ್ಯಾಲಿ ಅಂದರೆ ಅವರು ಲೆಕ್ಕ ಬರೆಯುವ ಸಾಫ್ಟ್‌ವೇರ್. ಆಫೀಸಿನಲ್ಲಿ ಕೆಲಸ ಮಾಡುವ ಹುಡುಗಿ ಇನ್ನೊಂದು ಮಾತು ಸೇರಿಸಿದಳು: “ಮೂಲೆ ಸಿಸ್ಟಮ್‌ಗೆ ಮಾತ್ರ ಏನೂ ಆಗಲ್ಲ ಸರ್. ಅದರಲ್ಲಿ ಯಾವಾಗ್ಲೂ ನೆಟ್ ಬರುತ್ತೆ.” ಅಳಿಯನ ದೂರು ಬೇರೆ. ಸಂಜೆ ಏಳಾದರೆ ಮೀಟಿಂಗಿನಲ್ಲಿ ಅವನ ದನಿ ತುಂಡುತುಂಡಾಗುತ್ತದೆ. ಅದಕ್ಕೆ ಕರೆಂಟ್ ಹೋಗಬೇಕು ಅಂತೇನಿಲ್ಲ.

ನೆಟ್ ಕಂಪನಿಯ ಹುಡುಗ ಮೂರು ಸಲ ಬಂದು ಹೋಗಿದ್ದ. ಬಂದಾಗಲೆಲ್ಲ ಮೊದಲ ಮಹಡಿಯ ಹಾಲಿನಲ್ಲಿರುವ ಫೈಬರ್ ರೂಟರ್‌ಗೆ ತನ್ನ ಲ್ಯಾಪ್‌ಟಾಪ್ ಸಿಕ್ಕಿಸಿ ಸ್ಪೀಡ್ ತೋರಿಸಿದ್ದಾನೆ. 90ರ ಮೇಲೆ ಬಂದಿದೆ. “ನಮ್ಮ ಲೈನ್ ಸರಿ ಇದೆ” ಅಂದಿದ್ದಾನೆ. ಅವನು ಹೇಳಿದ್ದು ನಿಜ.

ಕೇಬಲ್ ಮೇಲೆ ಹೋದ ಅನುಮಾನ

ನನ್ನ ಮೊದಲ ಅನುಮಾನ ಕೇಬಲ್ ಮೇಲೆ. ಹಾಲಿನಿಂದ ಕಿಟಕಿ ಸಂದಿಯಲ್ಲಿ ಹೊರಬಿದ್ದು, ಗೋಡೆಗುಂಟ ಇಳಿದು, ಆಫೀಸಿನ ಕಿಟಕಿಯಿಂದ ಒಳಗೆ ಹೋಗುವ ಕೇಬಲ್ ಅದು. ನಾಲ್ಕೈದು ಬೇಸಿಗೆ ಕಂಡಿದೆ. ದಾವಣಗೆರೆಯ ಬಿಸಿಲಿಗೆ ಮೇಲಿನ ಕವಚ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಕೈಯಲ್ಲಿ ಬಗ್ಗಿಸಿದರೆ ಬಿರುಕು ಬಿಡುತ್ತಿತ್ತು.

ಎರಡೂ ತುದಿ ಕತ್ತರಿಸಿ ಹೊಸ ಪಿನ್, ಅಂದರೆ ಡಬ್ಬಿಗೆ ಸಿಕ್ಕಿಸುವ ಪ್ಲಾಸ್ಟಿಕ್ ತುದಿ, ಹಾಕಿದೆ. ಇದನ್ನು ಒಮ್ಮೆ ಕಲಿತರೆ ಜೀವಮಾನಕ್ಕೆ ಆಗುತ್ತದೆ. ಹೊರಗಿನ ಕವಚವನ್ನು ಒಂದಿಂಚು ಸುಲಿದರೆ ಜಡೆಯ ಹಾಗೆ ಸುತ್ತಿಕೊಂಡ ನಾಲ್ಕು ಜೋಡಿ ತಂತಿ ಸಿಗುತ್ತವೆ. ಜೋಡಿ ಬಿಡಿಸಿ, ಬೆರಳಿನಿಂದ ತೀಡಿ ನೇರ ಮಾಡಬೇಕು. ಪಿನ್ನಿನ ಕೊಂಡಿ ಕೆಳಮುಖವಾಗಿ ಹಿಡಿದರೆ ಎಡದಿಂದ ಬಣ್ಣಗಳ ಸಾಲು ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರಿನ ಜೋಡಿ ನೀಲಿಯ ಎರಡೂ ಪಕ್ಕಕ್ಕೆ ಒಡೆದು ಕೂರುತ್ತದೆ, ಹೊಸಬರು ಎಡವುವುದು ಅಲ್ಲೇ. ಎಂಟನ್ನೂ ಒಂದೇ ಉದ್ದಕ್ಕೆ ಕತ್ತರಿಸಿ, ತುದಿ ಮುಟ್ಟುವ ತನಕ ತಳ್ಳಿ, ಕ್ರಿಂಪಿಂಗ್ ಟೂಲಿನಲ್ಲಿ ಒತ್ತಬೇಕು. ಹೊರಗಿನ ಕವಚವೂ ಪಿನ್ನಿನೊಳಗೆ ಸ್ವಲ್ಪ ಹೋಗಿರಬೇಕು, ಇಲ್ಲದಿದ್ದರೆ ಎಳೆತಕ್ಕೆ ತಂತಿ ಕಿತ್ತು ಬರುತ್ತದೆ.

ಟೆಸ್ಟರ್‌ನಲ್ಲಿ ಎಂಟೂ ದೀಪ ಸರಿಯಾಗಿ ಹತ್ತಿದವು. ಕೇಬಲ್ ಚೆನ್ನಾಯಿತು, ತೊಂದರೆ ಹಾಗೇ ಉಳಿಯಿತು. ಎರಡು ಗಂಟೆ ಅಲ್ಲೇ ಹೋಯಿತು.

ಆಮೇಲೆ ಹಾಳೆ ತೆಗೆದು ಇನ್ನೊಮ್ಮೆ ಓದಿದೆ. ನೆಟ್ ಜೊತೆಗೆ ಟ್ಯಾಲಿಯೂ ಪ್ರಿಂಟರೂ ಹೋಗುತ್ತವೆ ಅಂದಿದ್ದರು ಭಾವ. ಪ್ರಿಂಟರ್‌ಗೆ ಇಂಟರ್ನೆಟ್ ಯಾಕೆ ಬೇಕು? ಟ್ಯಾಲಿ ಡೇಟಾ ಇರುವುದು ಮೂಲೆಯ ಕಂಪ್ಯೂಟರ್‌ನಲ್ಲಿ. ಉಳಿದೆರಡು ಅದನ್ನು ಆಫೀಸಿನೊಳಗಿನ ತಂತಿಯ ಮೂಲಕವೇ ತೆರೆಯುತ್ತವೆ. ಬೀದಿಯ ಫೈಬರ್ ಕಿತ್ತು ಬಿಸಾಕಿದರೂ ಟ್ಯಾಲಿ ನಡೆಯಬೇಕು, ಪ್ರಿಂಟ್ ಬರಬೇಕು. ಮೂರೂ ಒಟ್ಟಿಗೆ ಹೋಗುತ್ತವೆ ಅಂದರೆ ರೋಗ ಆಫೀಸಿನೊಳಗೇ ಇದೆ. ಅದೂ ಮೂಲೆಯ ಕಂಪ್ಯೂಟರ್ ಒಂದನ್ನು ಬಿಟ್ಟು.

ಎರಡು ಪರದೆ, ಎರಡು ನಂಬರು

ನೆಟ್ ಇದ್ದಾಗ ನೋಡಿ ಉಪಯೋಗವಿರಲಿಲ್ಲ. ಅಕ್ಕನಿಗೆ ಹೇಳಿ ಮನೆಯ ಮೇನ್ ಆಫ್ ಮಾಡಿಸಿದೆ. ಒಂದು ನಿಮಿಷ ಬಿಟ್ಟು ಆನ್. ಆಫೀಸಿನ ಕಂಪ್ಯೂಟರ್‌ಗಳು ಯುಪಿಎಸ್ ಮೇಲೆ ಇದ್ದುದರಿಂದ ಆರಲಿಲ್ಲ. ಸ್ವಲ್ಪ ಹೊತ್ತಿಗೆ ಭಾವನ ಸಿಸ್ಟಮ್‌ನಲ್ಲಿ ನೆಟ್ ಹೋಯಿತು, ಥೇಟ್ ಅವರು ಹೇಳಿದ ಹಾಗೆ.

ಭಾವನ ಸಿಸ್ಟಮ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಅಂತ ಹೊಡೆದೆ. ನೆಟ್‌ವರ್ಕಿನಲ್ಲಿ ಆ ಕಂಪ್ಯೂಟರ್‌ನ ಅಡ್ರೆಸ್ಸನ್ನೂ, ಹೊರಗೆ ಹೋಗಲು ಅದು ಬಳಸುವ ಬಾಗಿಲು ಅಂದರೆ ಗೇಟ್‌ವೇಯನ್ನೂ ಇದು ತೋರಿಸುತ್ತದೆ. ಅಡ್ರೆಸ್ 192.168.0.4, ಗೇಟ್‌ವೇ 192.168.0.1. ಮೂಲೆಯ ಸಿಸ್ಟಮ್‌ಗೆ ಹೋಗಿ ಅದನ್ನೇ ಹೊಡೆದೆ. ಅಡ್ರೆಸ್ 192.168.1.50, ಗೇಟ್‌ವೇ 192.168.1.1. ಕಣ್ಣಿಗೆ ಬೀಳುವ ವ್ಯತ್ಯಾಸ ಒಂದೇ ಅಂಕಿ. ಒಂದರಲ್ಲಿ ಸೊನ್ನೆ, ಇನ್ನೊಂದರಲ್ಲಿ ಒಂದು. ಆದರೆ ಕಂಪ್ಯೂಟರ್ ಲೆಕ್ಕದಲ್ಲಿ ಇವೆರಡೂ ಬೇರೆ ಬೇರೆ ಬೀದಿ. ಒಂದೇ ಟೇಬಲ್ ಮೇಲಿದ್ದರೂ ಒಂದನ್ನೊಂದು ಮಾತಾಡಿಸಲಾರವು.

ಮೇಲಿನ ಫೈಬರ್ ರೂಟರ್‌ನ ಅಡ್ರೆಸ್ 192.168.1.1. ಹಾಗಿದ್ದರೆ ಈ 192.168.0.1 ಯಾರು?

ಟೇಬಲ್ ಕೆಳಗೆ ಬಗ್ಗಿ ನೋಡಿದೆ. ಹಳೇ ಫೈಲುಗಳ ಹಿಂದೆ, ಧೂಳು ಮೆತ್ತಿದ ಒಂದು ಕರಿ ಡಬ್ಬಿ. ಟೆಲಿಫೋನ್ ತಂತಿಯಲ್ಲಿ ನೆಟ್ ಬರುತ್ತಿದ್ದ ಕಾಲದ ಮೋಡೆಮ್ ರೂಟರ್. ಫೈಬರ್ ಬಂದ ಮೇಲೆ ಅದಕ್ಕೆ ಕೆಲಸ ಇರಲಿಲ್ಲ. ಆಫೀಸಿಗೆ ಮೂರನೇ ಕಂಪ್ಯೂಟರ್ ಬಂದಾಗ ಕೇಬಲ್ ಸಿಕ್ಕಿಸುವ ಪೋರ್ಟ್ ಸಾಲದೆ, ಪರಿಚಯದವರೊಬ್ಬರು ಅದನ್ನೇ ತಂದು, ಮೇಲಿನಿಂದ ಬಂದ ಕೇಬಲನ್ನು ಅದರ ನಾಲ್ಕು ಪೋರ್ಟುಗಳಲ್ಲಿ ಒಂದಕ್ಕೆ ಹಾಕಿ, ಉಳಿದ ಮೂರಕ್ಕೆ ಕಂಪ್ಯೂಟರ್ ಜೋಡಿಸಿದ್ದರು. ಪ್ರಿಂಟರ್ ಮೇಲಿನ ರೂಟರ್‌ನ ವೈಫೈಗೆ ಹೋಗಿತ್ತು. ಡಬ್ಬಿಯನ್ನು ಹಾಗೆ ಬಳಸುವುದು ತಪ್ಪೇನಲ್ಲ. ಆದರೆ ಒಂದು ಕೆಲಸ ಬಿಟ್ಟುಹೋಗಿತ್ತು.

ಭಾವನಿಗೆ ಅರ್ಥ ಮಾಡಿಸಿದ್ದು

ಮನೆಯ ರೂಟರ್ ಅನ್ನುವುದು ಒಂದೇ ಡಬ್ಬಿಯಾದರೂ ಅದರೊಳಗೆ ನಾಲ್ಕು ಕೆಲಸಗಾರರಿದ್ದಾರೆ. ಒಬ್ಬ ಹೊರಗಿನ ನೆಟ್‌ಗೆ ದಾರಿ ಮಾಡಿಕೊಡುತ್ತಾನೆ. ಒಬ್ಬ ತಂತಿಗಳನ್ನು ಸೇರಿಸುತ್ತಾನೆ. ಒಬ್ಬ ವೈಫೈ ಬಿಡುತ್ತಾನೆ. ನಾಲ್ಕನೆಯವನು ಬಂದ ಕಂಪ್ಯೂಟರ್‌ಗೆಲ್ಲ ಅಡ್ರೆಸ್ ಹಂಚುತ್ತಾನೆ. ಅವನ ಹೆಸರು ಡಿಎಚ್‌ಸಿಪಿ.

ಮೊದಲನೆಯವನ ಕೆಲಸ ಮಂಡಿಯ ಗುಮಾಸ್ತನ ಕೆಲಸದಂತೆ ಅಂತ ಭಾವನಿಗೆ ಹೇಳಿದೆ. ಹೊರಗಿನವರಿಗೆ ಗೊತ್ತಿರುವುದು ಮಂಡಿಯ ಹೆಸರು ಒಂದೇ. ಒಳಗೆ ಯಾವ ಅಂಗಡಿಯವರು ಏನು ತರಿಸಿದ್ದಾರೆ ಅನ್ನುವುದು ಗುಮಾಸ್ತನ ಚೀಟಿಯಲ್ಲಿ ಇರುತ್ತದೆ. ಲಾರಿ ಬಂದಾಗ ಚೀಟಿ ನೋಡಿ ಮೂಟೆ ಇಳಿಸುತ್ತಾನೆ. ರೂಟರ್ ಕೂಡ ಯಾವ ಕಂಪ್ಯೂಟರ್ ಯಾವ ಸೈಟಿಗೆ ಕೇಳಿಕೆ ಕಳಿಸಿತು ಅಂತ ಬರೆದಿಟ್ಟುಕೊಂಡು, ಉತ್ತರ ಬಂದಾಗ ಅದಕ್ಕೇ ತಲುಪಿಸುತ್ತದೆ. ಇದಕ್ಕೆ ನ್ಯಾಟ್ ಅನ್ನುತ್ತಾರೆ. ಹಳೇ ಪದ್ಧತಿಯ ಇಂಟರ್ನೆಟ್ ಅಡ್ರೆಸ್ ಇಡೀ ಜಗತ್ತಿಗೆ ಸುಮಾರು 430 ಕೋಟಿ ಮಾತ್ರ. ಎಲ್ಲ ಕಂಪ್ಯೂಟರ್‌ಗೂ ಸ್ವಂತದ್ದು ಕೊಡಲು ಸಾಲದು. ಅದಕ್ಕೇ 192.168ರಿಂದ ಶುರುವಾಗುವಂಥ ಕೆಲವು ಅಡ್ರೆಸ್‌ಗಳನ್ನು ಒಳಗಿನ ಬಳಕೆಗೆ ಅಂತ 1990ರ ದಶಕದಲ್ಲಿ ಮೀಸಲಿಟ್ಟರು. ನಿಮ್ಮ ಮನೆಯಲ್ಲೂ 192.168.1.1, ಪಕ್ಕದ ಮನೆಯಲ್ಲೂ ಅದೇ. ಹೊರಗೆ ಕಾಣುವುದೇ ಇಲ್ಲವಾದ್ದರಿಂದ ಜಗಳ ಇಲ್ಲ.

ಜಗಳ ಶುರುವಾಗುವುದು ಒಂದೇ ಮನೆಯಲ್ಲಿ ಅಡ್ರೆಸ್ ಹಂಚುವವರು ಇಬ್ಬರಾದಾಗ. ಇದಕ್ಕೆ ಭಾವನ ಕಸುಬಿನಿಂದಲೇ ಹೋಲಿಕೆ ಸಿಕ್ಕಿತು. ಒಂದು ಅಂಗಡಿಯಲ್ಲಿ ಇಬ್ಬರು ಹುಡುಗರು ಎರಡು ಬೇರೆ ಬೇರೆ ಬಿಲ್ ಬುಕ್ ಹಿಡಿದು ಕೂತಿದ್ದಾರೆ. ಗಿರಾಕಿ ಬಂದಾಗ ಯಾರು ಮೊದಲು ಕೈ ಚಾಚುತ್ತಾರೋ ಅವರ ಬಿಲ್ಲು. ಮಾಲು ಕೊಡುವವನ ಹತ್ತಿರ ಇರುವುದು ಮೊದಲ ಬುಕ್ಕಿನ ನಕಲು ಮಾತ್ರ. ಎರಡನೇ ಬುಕ್ಕಿನ ಬಿಲ್ ತಂದವರಿಗೆ ಮಾಲು ಸಿಗುವುದಿಲ್ಲ. “ಇಬ್ಬರ ಕೈಗೆ ಬುಕ್ ಕೊಟ್ರೆ ತಿಂಗಳ ಕೊನೆಗೆ ಲೆಕ್ಕ ಹೊಂದಲ್ಲ ಬಿಡು” ಅಂದರು ಭಾವ. ಅದೇ ವಿಷಯ.

ಮೇಲಿನ ರೂಟರ್ ಕೊಟ್ಟ ಅಡ್ರೆಸ್ ಸಿಕ್ಕಿದರೆ ನೆಟ್ ಬರುತ್ತದೆ. ಕರಿ ಡಬ್ಬಿ ಕೊಟ್ಟ ಅಡ್ರೆಸ್ ಸಿಕ್ಕಿದರೆ, ಅದು ತನ್ನ ಕಡೆಗೇ ದಾರಿ ತೋರಿಸುತ್ತದೆ. ಅದರ ಹಿಂಬದಿಯ ಟೆಲಿಫೋನ್ ಸಾಕೆಟ್ಟಿನಲ್ಲಿ ತಂತಿಯೇ ಇಲ್ಲ. ಅಷ್ಟೂ ಕೇಳಿಕೆಗಳು ಅಲ್ಲಿ ಬಂದು ಸಾಯುತ್ತಿದ್ದವು.

ಹಾಗಾದರೆ ಕರೆಂಟಿಗೂ ಇದಕ್ಕೂ ಏನು ಸಂಬಂಧ? ಮೇನ್ ಇನ್ನೊಮ್ಮೆ ಆಫ್ ಮಾಡಿಸಿ ಗಡಿಯಾರ ಹಿಡಿದು ನೋಡಿದೆ. ಕರಿ ಡಬ್ಬಿ ಮುಕ್ಕಾಲು ನಿಮಿಷದಲ್ಲಿ ಎದ್ದು ಅಡ್ರೆಸ್ ಹಂಚಲು ಕೂತಿತು. ಫೈಬರ್ ರೂಟರ್ ಪೂರ್ತಿ ಏಳಲು ಎರಡು ನಿಮಿಷದ ಹತ್ತಿರ ಆಯಿತು. ಆ ನಡುವಿನ ಹೊತ್ತಿನಲ್ಲಿ ಯುಪಿಎಸ್ ಮೇಲೆ ಎಚ್ಚರವಾಗಿಯೇ ಇದ್ದ ಕಂಪ್ಯೂಟರ್‌ಗಳು ತಂತಿಗೆ ಜೀವ ಬಂದದ್ದು ಕಂಡು ಅಡ್ರೆಸ್ ಕೇಳುತ್ತವೆ. ಉತ್ತರ ಕೊಡಲು ಇರುವುದು ಒಂದೇ ಡಬ್ಬಿ, ಅದೂ ತಪ್ಪು ಡಬ್ಬಿ. ಬೇರೆ ಹೊತ್ತಿನಲ್ಲಿ ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡಿದರೆ ಇಬ್ಬರೂ ಉತ್ತರ ಕೊಡುತ್ತಾರೆ, ಮೊದಲು ಮುಟ್ಟಿದವರದ್ದು ನಡೆಯುತ್ತದೆ. ಅದಕ್ಕೇ ಒಮ್ಮೊಮ್ಮೆ ತಾನಾಗಿ ಸರಿ ಹೋದಂತೆ ಕಾಣುತ್ತಿತ್ತು. ಮೂಲೆಯ ಸಿಸ್ಟಮ್‌ಗೆ ಟ್ಯಾಲಿ ಹಾಕಿಕೊಟ್ಟವರು .50 ಅಡ್ರೆಸ್ಸನ್ನು ಕೈಯಾರೆ ಬರೆದಿಟ್ಟಿದ್ದರು. ಅದು ಯಾರನ್ನೂ ಕೇಳುತ್ತಲೇ ಇರಲಿಲ್ಲ, ಆದ್ದರಿಂದ ಯಾವತ್ತೂ ಕೆಡಲಿಲ್ಲ.

ಮಾಡಿದ ಬದಲಾವಣೆ

ಕರಿ ಡಬ್ಬಿಯನ್ನು ಆಫೀಸಿನಿಂದ ಎತ್ತಿದೆ. ಅದರ ಜಾಗದಲ್ಲಿ ಎಂಟು ಪೋರ್ಟಿನ ಸಾದಾ ಸ್ವಿಚ್ ಇಟ್ಟೆ. ಸ್ವಿಚ್ ತಂತಿ ಸೇರಿಸುತ್ತದೆ ಅಷ್ಟೇ, ಅಡ್ರೆಸ್ ಹಂಚುವ ತಂಟೆಗೆ ಹೋಗುವುದಿಲ್ಲ. ಫೈಬರ್ ರೂಟರ್‌ನ ಸೆಟ್ಟಿಂಗಿನಲ್ಲಿ, ಅದು ಹಂಚುವ ಅಡ್ರೆಸ್‌ನ ಕೊನೆಯ ನಂಬರು 100ರಿಂದ 199ರ ತನಕ ಮಾತ್ರ ಇರುವಂತೆ ಮಾಡಿದೆ. ಮೊದಲು ಅದು 2ರಿಂದ 254ರ ತನಕ ಹಂಚುತ್ತಿತ್ತು. ಅಂದರೆ ಕೈಯಾರೆ ಕೊಟ್ಟ .50 ಅಡ್ರೆಸ್ಸನ್ನೇ ಯಾರದೋ ಮೊಬೈಲಿಗೂ ಕೊಟ್ಟುಬಿಡಬಹುದಿತ್ತು. ಹಾಗಾದ ದಿನ ಟ್ಯಾಲಿ ಯಾಕೆ ನಿಂತಿತು ಅಂತ ಹುಡುಕುವುದು ಇದಕ್ಕಿಂತ ಕಷ್ಟ. ಪ್ರಿಂಟರ್‌ಗೆ .60 ಅಂತ ಕಾಯಂ ಮಾಡಿದೆ. ಮೇನ್ ಮೂರು ಸಲ ಆಫ್-ಆನ್ ಮಾಡಿಸಿದೆ. ಮೂರೂ ಸಲ ನೆಟ್, ಟ್ಯಾಲಿ, ಪ್ರಿಂಟು ತಾವಾಗಿ ಬಂದವು. ಅಷ್ಟರಲ್ಲಿ ಅಕ್ಕ ತರಿಸಿದ ಬೆಣ್ಣೆದೋಸೆ ಆರಿ ಹೋಗಿತ್ತು. ಹಾಗೇ ತಿಂದೆವು.

ಫೈಬರ್ ರೂಟರ್‌ಗೆ ಸಣ್ಣ ಯುಪಿಎಸ್ ಒಂದನ್ನೂ ಹಾಕಿದ್ದೇವೆ. ಅದನ್ನು ಕೊಳ್ಳುವಾಗ ಅಡಾಪ್ಟರ್ ಮೇಲಿನ ಬರಹ ಓದಿಕೊಂಡು ಹೋಗಿ. ವೋಲ್ಟ್ ಅಷ್ಟೇ ಇರಬೇಕು, 12 ಅಂದರೆ 12. ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬಹುದು, ಕಮ್ಮಿ ಇರಬಾರದು. ಆದರೆ ಯುಪಿಎಸ್ ಹಾಕಿದ್ದು ಎಲ್ಲ ಸರಿಯಾದ ಮೇಲೆ. ಮೊದಲೇ ಹಾಕಿದ್ದರೆ ರೋಗ ವಾಸಿಯಾಗದೆ ಒಳಗೇ ಅಡಗಿ ಕೂರುತ್ತಿತ್ತು, ಯುಪಿಎಸ್ ಕೈಕೊಟ್ಟ ದಿನ ತಿರುಗಿ ಎದ್ದು ಬರುತ್ತಿತ್ತು.

ಅಂಗಡಿಯವರು ಬಂದಾಗ ವೈಫೈ ಪಾಸ್‌ವರ್ಡ್ ಕೇಳುವುದು ಈ ಆಫೀಸಿನಲ್ಲಿ ದಿನಾ ಇದ್ದದ್ದೇ. ಅದಕ್ಕೆ ರೂಟರ್‌ನಲ್ಲೇ ಇರುವ ಗೆಸ್ಟ್ ನೆಟ್‌ವರ್ಕ್ ಆನ್ ಮಾಡಿಕೊಟ್ಟೆ. ಅದರಲ್ಲಿ ಬಂದವರಿಗೆ ನೆಟ್ ಸಿಗುತ್ತದೆ, ಲೆಕ್ಕದ ಕಂಪ್ಯೂಟರ್‌ಗಳು ಕಾಣುವುದಿಲ್ಲ. ನಾಲ್ಕಾರು ಅಂಗಡಿಗಳ ವ್ಯವಹಾರ ಇಟ್ಟುಕೊಂಡವರಿಗೆ ಇದು ಬೇಕೇ ಬೇಕು.

ಅಳಿಯನ ಏಳು ಗಂಟೆ

ಅಳಿಯ ತನ್ನ ತೊಂದರೆಗೆ ಕೆಳಗಿನ ಆಫೀಸೇ ಕಾರಣ ಅಂದುಕೊಂಡಿದ್ದ. “ಐದು ಕಂಪ್ಯೂಟರ್‌ಗೆ ನೂರು ಅಂದ್ರೆ ತಲಾ ಇಪ್ಪತ್ತು ಅಲ್ವಾ ಮಾಮ?” ಅಂತ ಕೇಳಿದ. ಹಾಗೆ ಪಾಲು ಮಾಡಿ ಇಡುವುದಿಲ್ಲ. ಆ ಕ್ಷಣಕ್ಕೆ ಯಾರು ಎಳೆಯುತ್ತಿದ್ದಾರೋ ಅವರ ನಡುವೆ ಮಾತ್ರ ಹಂಚಿಕೆ. ರಿಟರ್ನ್ ಫಾರಂ ತುಂಬುತ್ತಾ ಕೂತ ಕಂಪ್ಯೂಟರ್ ಹೆಚ್ಚಿನ ಹೊತ್ತು ಏನನ್ನೂ ಎಳೆಯುವುದಿಲ್ಲ. ವಿಡಿಯೋ ಮೀಟಿಂಗಿಗೆ ನಾಲ್ಕೈದು ಎಂಬಿಪಿಎಸ್ ಧಾರಾಳ. ಅದಕ್ಕೆ ಬೇಕಾದದ್ದು ತಡೆಯಿಲ್ಲದ ಹರಿವು.

ಸಂಜೆ ಏಳಕ್ಕೆ ಅವನ ರೂಮಿನಲ್ಲಿ ಕೂತು ಲ್ಯಾಪ್‌ಟಾಪಿನಿಂದ ಪಿಂಗ್ ಹೊಡೆದೆ, ಅಂದರೆ ಸಣ್ಣ ಕೇಳಿಕೆ ಕಳಿಸಿ ಉತ್ತರ ಎಷ್ಟು ಹೊತ್ತಿಗೆ ಬರುತ್ತದೆ ಅಂತ ನೋಡಿದೆ. ಹೊರಗಿನ ಸೈಟಿಗಲ್ಲ, ಮನೆಯ ರೂಟರ್‌ಗೇ. ಈ ಪರೀಕ್ಷೆ ಮನೆಯಲ್ಲಿ ಯಾರು ಬೇಕಾದರೂ ಮಾಡಬಹುದು. ನಿಮ್ಮದೇ ರೂಟರ್ ಸರಿಯಾಗಿ ಉತ್ತರ ಕೊಡದಿದ್ದರೆ ಕಂಪನಿಯ ಪ್ಲಾನನ್ನು ದೂರಿ ಫಲವಿಲ್ಲ. ಒಂದು ಉತ್ತರ 3 ಮಿಲಿಸೆಕೆಂಡಿಗೆ ಬಂತು, ಮುಂದಿನದು 240ಕ್ಕೆ, ಅದರ ಮುಂದಿನದು ಬರಲೇ ಇಲ್ಲ. ಸ್ಪೀಡ್ ನೋಡಿದರೆ 6, 7. ಅದೇ ಲ್ಯಾಪ್‌ಟಾಪನ್ನು ಹಾಲಿಗೆ ತಂದು ಕೇಬಲ್ ಹಾಕಿದರೆ 92.

ಹಾಲಿಗೂ ಅವನ ರೂಮಿಗೂ ನಡುವೆ ಕಬ್ಬಿಣ ತುಂಬಿದ ಒಂದು ಆರ್‌ಸಿಸಿ ಸ್ಲ್ಯಾಬ್, ಎರಡು ಗೋಡೆ. 5 ಗಿಗಾಹರ್ಟ್ಸ್ ವೈಫೈ ಅಲ್ಲಿಗೆ ಹತ್ತುವುದೇ ಇಲ್ಲ. 2.4 ಗಿಗಾಹರ್ಟ್ಸಿನ ವೈಫೈ ಹತ್ತುತ್ತದೆ, ಆದರೆ ಸಂಜೆ ಹೊತ್ತು ಅಕ್ಕಪಕ್ಕದ ಮನೆಗಳ ಎಲ್ಲ ವೈಫೈ ಅದರಲ್ಲೇ ಮಾತಾಡುತ್ತಿರುತ್ತದೆ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್, ಅಂದರೆ ಮಾತಾಡುವ ದಾರಿ, ಮೂರೇ: 1, 6, 11. ಅವನ ರೂಮಿನಲ್ಲಿ ನಿಂತು ಎಣಿಸಿದರೆ ಒಂಬತ್ತು ಮನೆಯ ಹೆಸರು ಕಂಡವು.

ಇಲ್ಲಿ ಕರಿ ಡಬ್ಬಿ ಕೆಲಸಕ್ಕೆ ಬಂತು. ಅದರ ಅಡ್ರೆಸ್ಸನ್ನು 192.168.1.2 ಮಾಡಿದೆ. ಡಿಎಚ್‌ಸಿಪಿ ಆಫ್ ಮಾಡಿದೆ. ಫ್ಯಾಕ್ಟರಿಯಿಂದ ಬಂದ ಪಾಸ್‌ವರ್ಡ್ ಹಾಗೇ ಇತ್ತು, ಅದನ್ನೂ ಬದಲಾಯಿಸಿದೆ. ಹಾಲಿನ ರೂಟರ್‌ನಿಂದ ಹೊಸ ಕೇಬಲ್ ಎಳೆದು ಮೇಲಿನ ರೂಮಿನಲ್ಲಿ ಅದರ ಒಂದು ಪೋರ್ಟಿಗೆ ಹಾಕಿದೆ. ಈ ಜಾತಿಯ ಕೇಬಲ್ 100 ಮೀಟರ್ ತನಕ ಎಳೆಯಬಹುದು. ನಮಗೆ ಬೇಕಾದದ್ದು ಹದಿನೆಂಟು ಮೀಟರ್. ಅಳಿಯ ಲ್ಯಾಪ್‌ಟಾಪಿಗೆ ನೇರ ತಂತಿ ಹಾಕಿಕೊಂಡ. ಅವನ ತಂಗಿ ಅದೇ ಡಬ್ಬಿಯ ವೈಫೈಗೆ ಹತ್ತಿದಳು. ಆಫೀಸಿನಲ್ಲಿ ಅಷ್ಟು ಕಾಡಿದ ಡಬ್ಬಿ, ಅಡ್ರೆಸ್ ಹಂಚುವ ಕೆಲಸ ಒಂದನ್ನು ಬಿಡಿಸಿದ ಮೇಲೆ ಮೇಲಿನ ಎರಡು ರೂಮನ್ನೂ ಚೆನ್ನಾಗಿ ನೋಡಿಕೊಂಡಿತು. ರೂಟರ್‌ಗೆ ಪಿಂಗ್ ಹೊಡೆದರೆ ಸಾಲಾಗಿ 1 ಮಿಲಿಸೆಕೆಂಡ್. ಅವನ ಮೊಗ ನೋಡಿ ನನಗೇ ಖುಷಿಯಾಯಿತು.

ಪ್ಲಾನ್ 100ರಲ್ಲೇ ಇದೆ. ಯಾವ ಯಂತ್ರಕ್ಕೆ ಯಾವ ಅಡ್ರೆಸ್, ಯಾವ ಡಬ್ಬಿ ಎಲ್ಲಿದೆ ಅಂತ ಒಂದು ಹಾಳೆಯಲ್ಲಿ ಬರೆದು ಆಫೀಸಿನ ಗೋಡೆಗೆ ಅಂಟಿಸಿ ಬಂದಿದ್ದೆ. ಮುಂದಿನ ತಿಂಗಳು 18ರ ಸಂಜೆ ಎರಡು ಸಲ ಕರೆಂಟ್ ಹೋಯಿತಂತೆ. ಭಾವ 19ಕ್ಕೇ ಎಲ್ಲರ ರಿಟರ್ನ್ ಹಾಕಿ ಮುಗಿಸಿ, ರಾತ್ರಿ ಒಂಬತ್ತಕ್ಕೆ ಊಟಕ್ಕೆ ಕೂತೆವು ಅಂತ ಅಕ್ಕ ಫೋನಿನಲ್ಲಿ ಹೇಳಿದಳು.

ಮೇಲಿನ ರೂಮಿಗೆ ಹೋಗುವ ಹೊಸ ಕೇಬಲ್ ಇನ್ನೂ ಹೊರಗೋಡೆಯ ಮೇಲೆ ಬರಿದೇ ಇದೆ. ಇನ್ನೊಂದು ಬೇಸಿಗೆ ಬಿಸಿಲಿಗೆ ಬಿಟ್ಟರೆ ಅದೂ ಬೆಳ್ಳಗಾಗುತ್ತದೆ. ಅಳಿಯ ಪೈಪ್ ತಂದಿಟ್ಟಿದ್ದಾನೆ. ಬರುವ ಭಾನುವಾರ ಹೋಗಿ ಹಾಕಬೇಕು.